ಸುದ್ದಿಗಳನ್ನು ವರ್ಷವಾರು ಜೋಡಿಸುವುದು: ಎಕ್ಸ್‌ಎಸ್‌ಎಲ್‌ಟಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಘದ ತಾಣ, ಕಾಲೇಜಿನ ತಾಣ, ಕಚೇರಿಯ ತಾಣ ಯಾವುದೇ ಇರಲಿ, ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಅದರ ಸುದ್ದಿ ಪುಟ ಉದ್ದನೆಯ ಬಾಲವಾಗಿರುತ್ತದೆ. ಆಗ ಯಾರಾದರೊಬ್ಬರು ಬಂದು, "ಇದನ್ನು ವರ್ಷದ ಪ್ರಕಾರ ಬೇರೆ ಬೇರೆ ಮಾಡಿಕೊಡಿ, ಒಂದರ್ಧ ಗಂಟೆ ಕೆಲಸ ಅಲ್ವಾ?" ಅನ್ನುತ್ತಾರೆ. ಆ ಅರ್ಧ ಗಂಟೆ ಎರಡು ದಿನವಾದವರಿಗಾಗಿ ಈ ಪುಟ. ಎಕ್ಸ್‌ಎಂಎಲ್ ಫೈಲನ್ನು, ಅಂದರೆ ಟ್ಯಾಗುಗಳಲ್ಲಿ ಬರೆದಿಟ್ಟ ಮಾಹಿತಿಯನ್ನು, ವೆಬ್ ಪುಟವಾಗಿ ಪರಿವರ್ತಿಸಲು ಬಳಸುವ ಭಾಷೆ ಎಕ್ಸ್‌ಎಸ್‌ಎಲ್‌ಟಿ. ಅದರಲ್ಲಿ ಬರೆದ ಸೂಚನೆಗಳ ಫೈಲು ಸ್ಟೈಲ್‌ಶೀಟ್, ಅದನ್ನು ಓಡಿಸುವ ತಂತ್ರಾಂಶ ಪ್ರೊಸೆಸರ್.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಜ್ಞೆಗಳ ಮತ್ತು ಫಂಕ್ಷನ್‌ಗಳ ಹೆಸರನ್ನು ಇಲ್ಲಿ ಉಚ್ಚರಿಸುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ನಿಮ್ಮ ಸ್ಟೈಲ್‌ಶೀಟಿನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

## ಮೂಲ ಫೈಲ್ ಹೇಗಿದ್ದರೆ ಅನುಕೂಲ?

ಹೀಗಿದ್ದರೆ ಸಾಕು:

<ಸುದ್ದಿಗಳು>
<ಸುದ್ದಿ ದಿನ="2024-03-15">ವಾರ್ಷಿಕ ಸಭೆ ನಡೆಯಿತು</ಸುದ್ದಿ>
<ಸುದ್ದಿ ದಿನ="2023-11-01">ರಾಜ್ಯೋತ್ಸವದ ಆಚರಣೆ</ಸುದ್ದಿ>
<ಸುದ್ದಿ ದಿನ="2023-06-20">ಹೊಸ ಗ್ರಂಥಾಲಯ ತೆರೆಯಿತು</ಸುದ್ದಿ>
</ಸುದ್ದಿಗಳು>

ಟ್ಯಾಗುಗಳು ಕನ್ನಡದಲ್ಲಿವೆ ಎಂದು ಗಾಬರಿಯಾಗಬೇಡಿ. ಎಕ್ಸ್‌ಎಂಎಲ್ 1998ರಲ್ಲಿ ಶಿಫಾರಸಾದ ದಿನದಿಂದಲೂ ಕನ್ನಡ ಅಕ್ಷರದ ಟ್ಯಾಗಿಗೆ ಅದರಲ್ಲಿ ಜಾಗವಿದೆ, ಬಳಸುವವರು ಮಾತ್ರ ಕಡಿಮೆ. ಕಣ್ಣಿಗೆ ಕಾಣದ ಜೋಡಕ ಅಕ್ಷರಗಳು ಟ್ಯಾಗಿನ ಹೆಸರೊಳಗೆ ನುಸುಳದಂತೆ ಮಾತ್ರ ನೋಡಿಕೊಳ್ಳಿ. "ಸುದ್ದಿ" ತರಹದ ಸರಳ ಪದ ಆದರೆ ಆ ತಾಪತ್ರಯವೇ ಇಲ್ಲ.

ಇಲ್ಲಿ ನಿಜವಾಗಿ ಮುಖ್ಯವಾದದ್ದು ದಿನಾಂಕದ ರೂಪ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ; ತಿಂಗಳಿಗೂ ದಿನಕ್ಕೂ ಎರಡೆರಡು ಅಂಕಿ. ಹೀಗೆ ಬರೆದರೆ ಮೊದಲ ನಾಲ್ಕು ಅಕ್ಷರವೇ ವರ್ಷ, ಅಕ್ಷರಕ್ರಮದಲ್ಲಿ ಜೋಡಿಸಿದರೆ ಅದೇ ಕಾಲಕ್ರಮ. ನನಗೆ ಬಂದಿರುವ "ಗುಂಪು ಸರಿಯಾಗಿ ಆಗುತ್ತಿಲ್ಲ" ಎಂಬ ದೂರುಗಳಲ್ಲಿ ಹೆಚ್ಚಿನವು ಗುಂಪಿನ ತೊಂದರೆಗಳೇ ಅಲ್ಲ, ದಿನಾಂಕದ ತೊಂದರೆಗಳು.

## ವರ್ಷಕ್ಕೆ ಬೇರೆಯೇ ಒಂದು ಆಟ್ರಿಬ್ಯೂಟ್ ಇಟ್ಟರೆ ಸುಲಭವಲ್ಲವೇ?

ಇಡಬೇಡಿ. (ಮೇಲಿನ ಫೈಲಿನಲ್ಲಿ ಟ್ಯಾಗಿನೊಳಗೆ ಬರೆದಿರುವ "ದಿನ" ಒಂದು ಆಟ್ರಿಬ್ಯೂಟ್.) ಯಾರೋ ದಿನಾಂಕ ತಿದ್ದಿ ವರ್ಷ ತಿದ್ದಲು ಮರೆಯುತ್ತಾರೆ. ಒಂದೇ ವಿಷಯ ಎರಡು ಕಡೆ ಬರೆದಿಟ್ಟರೆ ಇವತ್ತಲ್ಲ ನಾಳೆ ಎರಡೂ ಬೇರೆ ಬೇರೆ ಮಾತಾಡುತ್ತವೆ.

## ನನ್ನ ಬಳಿ ಯಾವ ಆವೃತ್ತಿ ಇದೆ ಎಂದು ತಿಳಿಯುವುದು ಹೇಗೆ? ಅದರಿಂದ ಏನು ವ್ಯತ್ಯಾಸ?

ಎಲ್ಲಾ ವ್ಯತ್ಯಾಸವೂ ಅಲ್ಲೇ ಇರುವುದು. ಎಕ್ಸ್‌ಎಸ್‌ಎಲ್‌ಟಿ 1.0 ಬಂದದ್ದು 1999ರ ನವೆಂಬರಿನಲ್ಲಿ. ಅದರಲ್ಲಿ ಗುಂಪು ಮಾಡುವ ಆಜ್ಞೆಯೇ ಇಲ್ಲ. 2007ರ ಜನವರಿಯಲ್ಲಿ ಬಂದ 2.0 ಆವೃತ್ತಿ ಅದಕ್ಕೆಂದೇ ಒಂದು ಆಜ್ಞೆ ಕೊಟ್ಟಿತು. 2017ರ 3.0 ಅದನ್ನು ಇನ್ನಷ್ಟು ಬೆಳೆಸಿತು.

ಸಿಸ್ಟಮ್-ಪ್ರಾಪರ್ಟಿ ಫಂಕ್ಷನ್‌ಗೆ ಎಕ್ಸ್‌ಎಸ್‌ಎಲ್:ವರ್ಷನ್ ಎಂದು ಕೊಟ್ಟು ಬಂದ ಉತ್ತರವನ್ನು ಪುಟದಲ್ಲಿ ಒಮ್ಮೆ ಅಚ್ಚು ಹಾಕಿಸಿ ನೋಡಿ. ಸ್ಟೈಲ್‌ಶೀಟಿನ ತಲೆಯಲ್ಲಿ ನೀವು 2.0 ಎಂದು ಬರೆದ ಮಾತ್ರಕ್ಕೆ ಪ್ರೊಸೆಸರ್ 2.0 ಆಗುವುದಿಲ್ಲ. ಲಿನಕ್ಸಿನಲ್ಲಿ ಸಿಗುವ ಎಕ್ಸ್‌ಎಸ್‌ಎಲ್‌ಟಿಪ್ರಾಕ್, ಡಾಟ್‌ನೆಟ್ ಒಳಗೇ ಬರುವ ಪ್ರೊಸೆಸರ್, ಪಿಎಚ್‌ಪಿಯ ವಿಸ್ತರಣೆ, ಬ್ರೌಸರುಗಳು, ಇವೆಲ್ಲ 1.0. ಸ್ಯಾಕ್ಸನ್ ಎಂಬ ಪ್ರೊಸೆಸರಿನ ಉಚಿತ ಆವೃತ್ತಿ 3.0ವರೆಗೂ ಹೋಗುತ್ತದೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಎರಡನೇ ಯೋಚನೆ ಬೇಡ, ಸ್ಯಾಕ್ಸನ್ ಹಾಕಿಕೊಳ್ಳಿ. ಹೋಸ್ಟಿಂಗ್ ಕೊಟ್ಟವರು 1.0 ಮಾತ್ರ ಕೊಟ್ಟಿದ್ದರೆ ಈ ಪುಟದ ನಡುಭಾಗ ನಿಮಗಾಗಿಯೇ ಇದೆ.

## 2.0 ಇದ್ದರೆ ಮಾಡುವುದು ಹೇಗೆ?

ಫಾರ್-ಈಚ್-ಗ್ರೂಪ್ ಎಂಬ ಆಜ್ಞೆ. ಅದರ ಸೆಲೆಕ್ಟ್‌ನಲ್ಲಿ ಎಲ್ಲ ಸುದ್ದಿಗಳು, ಗ್ರೂಪ್-ಬೈನಲ್ಲಿ ದಿನಾಂಕದ ಮೊದಲ ನಾಲ್ಕು ಅಕ್ಷರ. ಒಳಗೆ ಹೋದಾಗ ಕರೆಂಟ್-ಗ್ರೂಪಿಂಗ್-ಕೀ ಫಂಕ್ಷನ್ ಈಗಿನ ವರ್ಷವನ್ನು ಹೇಳುತ್ತದೆ, ಕರೆಂಟ್-ಗ್ರೂಪ್ ಫಂಕ್ಷನ್ ಆ ವರ್ಷದ ಸುದ್ದಿಗಳನ್ನೆಲ್ಲ ಕೊಡುತ್ತದೆ. ಮೊದಲನೆಯದು ತಲೆಬರಹಕ್ಕೆ, ಎರಡನೆಯದು ಪಟ್ಟಿಗೆ. ಅಷ್ಟೇ.

ಮೊದಲ ನಾಲ್ಕು ಅಕ್ಷರ ಕತ್ತರಿಸುವ ಬದಲು ದಿನಾಂಕವನ್ನು ನಿಜವಾದ ದಿನಾಂಕವಾಗಿ ಪರಿವರ್ತಿಸಿ ಇಯರ್-ಫ್ರಮ್-ಡೇಟ್ ಬಳಸುವುದು ಹೆಚ್ಚು ಶುದ್ಧ. ಆದರೆ ಅದು ಕಟ್ಟುನಿಟ್ಟಿನ ಮೇಷ್ಟ್ರು. 2024-3-5 ಎಂದೋ 2023-02-30 ಎಂದೋ ಒಂದೇ ಒಂದು ಸುದ್ದಿಯಲ್ಲಿದ್ದರೂ ಇಡೀ ಪುಟವೇ ನಿಂತುಹೋಗುತ್ತದೆ. ಆದ್ದರಿಂದ ಮೊದಲು ಕ್ಯಾಸ್ಟಬಲ್ ಆಸ್ ಎಂದು ಕೇಳಿ, ದಿನಾಂಕವಾಗಬಲ್ಲದ್ದನ್ನು ಮಾತ್ರ ಪರಿವರ್ತಿಸಿ.

## 1.0ರಲ್ಲಿ "ಹಿಂದಿನ ವರ್ಷ" ಎಂಬ ವೇರಿಯಬಲ್ ಇಟ್ಟುಕೊಂಡು, ಅದು ಬದಲಾದಾಗ ಹೊಸ ತಲೆಬರಹ ಹಾಕಬಹುದಲ್ಲ?

ಬೇರೆ ಯಾವುದೇ ಭಾಷೆ ಕಲಿತು ಬಂದವರಿಗೆ ಮೊದಲು ಹೊಳೆಯುವುದು ಇದೇ. ಇಲ್ಲಿ ಆಗದು. ಎಕ್ಸ್‌ಎಸ್‌ಎಲ್‌ಟಿಯಲ್ಲಿ ವೇರಿಯಬಲ್‌ಗೆ ಒಮ್ಮೆ ಬೆಲೆ ಕಟ್ಟಿದರೆ ಮುಗಿಯಿತು, ಬದಲಾಯಿಸುವಂತಿಲ್ಲ. ಲೂಪಿನ ಒಂದು ಸುತ್ತಿನಲ್ಲಿ ಹುಟ್ಟಿದ ವೇರಿಯಬಲ್ ಆ ಸುತ್ತಿನೊಂದಿಗೇ ಸಾಯುತ್ತದೆ. ಮುಂದಿನ ಸುತ್ತಿಗೆ ಅದರ ನೆನಪೂ ಇರುವುದಿಲ್ಲ. ಪಟ್ಟಿಯ ಉದ್ದಕ್ಕೂ ನಡೆಯುತ್ತಾ ವರ್ಷ ಬದಲಾಯಿತೇ ಎಂದು ನೋಡುವ ಅಭ್ಯಾಸವನ್ನೇ ಬಿಡಬೇಕು. ಪ್ರತಿಯೊಂದು ಸುದ್ದಿಯನ್ನೂ ನಿಲ್ಲಿಸಿ, "ನಿನ್ನ ವರ್ಷದವರಲ್ಲಿ ಮೊದಲನೆಯವನು ನೀನೇನಾ?" ಎಂದು ಕೇಳಬೇಕು. ಹೌದು ಎಂದವರೆಲ್ಲ ಒಂದೊಂದು ತಲೆಬರಹವಾಗುತ್ತಾರೆ.

## ವರ್ಷ ಬದಲಾದಾಗ ಪಟ್ಟಿ ಮುಚ್ಚುವ ಟ್ಯಾಗನ್ನು ಬರೀ ಪಠ್ಯವಾಗಿ ಬರೆದು, ಎಸ್ಕೇಪಿಂಗ್ ನಿಲ್ಲಿಸಿಬಿಟ್ಟರೆ?

(ಎಸ್ಕೇಪಿಂಗ್ ಎಂದರೆ ಪಠ್ಯದಲ್ಲಿರುವ ಟ್ಯಾಗಿನ ಚಿಹ್ನೆಗಳು ಟ್ಯಾಗಾಗದಂತೆ ಪ್ರೊಸೆಸರ್ ಅವನ್ನು ಸಂಕೇತವಾಗಿ ಬರೆಯುವುದು.) ಕೆಲಸ ನಡೆದ ಹಾಗೆ ಕಾಣುತ್ತದೆ. ಪ್ರೊಸೆಸರ್ ಬದಲಾದ ದಿನ ಪುಟ ಕುಸಿಯುತ್ತದೆ. ಎಕ್ಸ್‌ಎಸ್‌ಎಲ್‌ಟಿ ಕಟ್ಟುವುದು ಮರವನ್ನು, ಟ್ಯಾಗುಗಳ ಸಾಲನ್ನಲ್ಲ. ಮರದಲ್ಲಿ ಅರ್ಧ ಕೊಂಬೆ ಎಂಬುದಿಲ್ಲ. ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್ ಅನ್ನು ಪ್ರೊಸೆಸರ್ ಕಡೆಗಣಿಸಬಹುದು ಎಂದು ನಿಯಮದಲ್ಲೇ ಇದೆ, ಫೈರ್‌ಫಾಕ್ಸ್ ಅದನ್ನು ಕಡೆಗಣಿಸಿಯೇ ಬಂದಿದೆ.

## "ನೀನೇ ಮೊದಲನೆಯವನಾ" ಎಂದು ಕೇಳುವುದು ಹೇಗೆ?

ಎರಡು ದಾರಿಗಳಿವೆ. ಸುಲಭದ್ದು ಪ್ರಿಸೀಡಿಂಗ್-ಸಿಬ್ಲಿಂಗ್: ನನ್ನ ಹಿಂದಿರುವ ಸುದ್ದಿಗಳಲ್ಲಿ ಯಾರದ್ದೂ ನನ್ನ ವರ್ಷವಲ್ಲ ಎಂದಾದರೆ ನಾನೇ ಮೊದಲು. ಓದಿದ ತಕ್ಷಣ ಅರ್ಥವಾಗುತ್ತದೆ. ಆದರೆ ಪ್ರತಿ ಸುದ್ದಿಯೂ ತನ್ನ ಹಿಂದಿನವರನ್ನೆಲ್ಲ ತಿರುಗಿ ನೋಡಬೇಕು. ಪ್ರೊಸೆಸರ್ ಜಾಣತನ ತೋರಿಸದಿದ್ದರೆ, 1000 ಸುದ್ದಿಗೆ 4,99,500 ಬಾರಿ ತಿರುಗಿ ನೋಡಿದಂತೆ. ನೂರಿನ್ನೂರು ಸುದ್ದಿಗೆ ಇದೇ ಸಾಕು, ತಲೆಕೆಡಿಸಿಕೊಳ್ಳಬೇಡಿ.

ಎರಡನೆಯದು ಒರಾಕಲ್‌ನಲ್ಲಿದ್ದ ಸ್ಟೀವ್ ಮ್ಯೂಂಚ್ ಅವರ ಹೆಸರಿನಲ್ಲಿ ಮ್ಯೂಂಚಿಯನ್ ವಿಧಾನ ಎಂದೇ ಪ್ರಸಿದ್ಧ. ಮೊದಲ ಸಲ ನೋಡಿದರೆ ಮಂತ್ರದ ಹಾಗಿರುತ್ತದೆ, ಬಿಡಿಸಿದರೆ ಮೂರೇ ಹೆಜ್ಜೆ.

ಮೊದಲು ಸ್ಟೈಲ್‌ಶೀಟಿನ ಮೇಲ್ಮಟ್ಟದಲ್ಲಿ, ಯಾವುದೇ ಟೆಂಪ್ಲೇಟಿನ ಹೊರಗೆ, ಒಂದು ಕೀ ಘೋಷಿಸಿ. ಅದಕ್ಕೆ ಹೆಸರು ವರ್ಷವಾರು. ಮ್ಯಾಚ್ ಎಂಬಲ್ಲಿ ಸುದ್ದಿ. ಯೂಸ್ ಎಂಬಲ್ಲಿ ದಿನಾಂಕದ ಮೊದಲ ನಾಲ್ಕು ಅಕ್ಷರ. ಅಂಚೆ ಕಚೇರಿಯಲ್ಲಿ ಊರಿಗೊಂದು ಗೂಡು ಮಾಡಿ ಕಾಗದ ಹಾಕುತ್ತಾರಲ್ಲ, ಹಾಗೆ ಪ್ರೊಸೆಸರ್ ವರ್ಷಕ್ಕೊಂದು ಗೂಡು ಮಾಡಿ ಸುದ್ದಿಗಳನ್ನು ಹಾಕಿಡುತ್ತದೆ.

ಆಮೇಲೆ ಸುದ್ದಿಗಳ ಮೇಲೆ ಫಾರ್-ಈಚ್ ಓಡಿಸಿ, ಆದರೆ ಒಂದು ಷರತ್ತಿನೊಂದಿಗೆ: ಜನರೇಟ್-ಐಡಿ ಕೊಟ್ಟ ಈ ಸುದ್ದಿಯ ಗುರುತು, ಇದೇ ವರ್ಷದ ಗೂಡಿನಿಂದ ತೆಗೆದ ಮೊದಲ ಸುದ್ದಿಯ ಗುರುತಿಗೆ ಸಮವಾಗಿರಬೇಕು. ಜನರೇಟ್-ಐಡಿ ಪ್ರತಿ ನೋಡ್‌ಗೂ (ಮರದ ಒಂದೊಂದು ತುಣುಕಿಗೂ) ಅದರದೇ ಆದ ಗುರುತು ಕೊಡುವುದರಿಂದ, ಎರಡೂ ಒಂದೇ ಎಂದರೆ ಗೂಡಿನ ಮೊದಲ ಕಾಗದ ಇದೇ ಎಂದರ್ಥ. ಹೀಗೆ ವರ್ಷಕ್ಕೊಬ್ಬ ಪ್ರತಿನಿಧಿ ಮಾತ್ರ ಒಳಗೆ ಬರುತ್ತಾನೆ.

ಕೊನೆಗೆ, ಒಳಗೆ ಬಂದ ಪ್ರತಿನಿಧಿಯ ವರ್ಷವನ್ನು ತಲೆಬರಹವಾಗಿ ಬರೆದು, ಅದೇ ಕೀಯಿಂದ ಆ ಗೂಡಿನ ಎಲ್ಲ ಸುದ್ದಿಗಳನ್ನು ಹೊರತೆಗೆದು ಪಟ್ಟಿ ಮಾಡಿ.

ಅಕ್ಷರ ಕತ್ತರಿಸುವ ಸಬ್‌ಸ್ಟ್ರಿಂಗ್ ಫಂಕ್ಷನ್ನಿನ ಎಣಿಕೆ 1ರಿಂದ ಶುರು. ಜಾವಾಸ್ಕ್ರಿಪ್ಟ್ ಅಭ್ಯಾಸದವರು 0ಯಿಂದ ಶುರುಮಾಡಿ "202" ಎಂಬ ವರ್ಷ ಪಡೆದು, ಇಡೀ ದಶಕ ಒಂದೇ ಗುಂಪಾದಾಗ ನನಗೆ ಬರೆಯುತ್ತಾರೆ.

## ಎಲ್ಲ ಸರಿಯಾಗಿ ಬರೆದಿದ್ದೇನೆ, ಆದರೂ ಒಂದು ವರ್ಷ ಇಡಿಯಾಗಿ ಮಾಯ!

ಇದನ್ನು ನಾನೂ ಅನುಭವಿಸಿದ್ದೇನೆ. ನಾನು ನೋಡಿಕೊಳ್ಳುತ್ತಿದ್ದ ಒಂದು ತಾಣದಲ್ಲಿ ಕರಡು ಸುದ್ದಿಗಳನ್ನು ಮರೆಮಾಡಲು ಫಾರ್-ಈಚ್‌ನಲ್ಲಿ ಇನ್ನೊಂದು ಷರತ್ತು ಹಾಕಿದೆ. ಮರುದಿನ 2019 ಪುಟದಲ್ಲೇ ಇಲ್ಲ. ಉಳಿದೆಲ್ಲ ವರ್ಷಗಳು ಜಾಗದಲ್ಲೇ ಇದ್ದವು. ಅರ್ಧ ದಿನ ದಿನಾಂಕಗಳನ್ನು ದುರುಗುಟ್ಟಿ ನೋಡಿದ ಮೇಲೆ ಗೊತ್ತಾಯಿತು: ಫೈಲಿನಲ್ಲಿ 2019ರ ಮೊದಲ ಸುದ್ದಿಯೇ ಕರಡು. ಗೂಡಿನ ಮೊದಲನೆಯವನು ಅವನೇ. ಅವನನ್ನು ನನ್ನ ಷರತ್ತು ಬಾಗಿಲಲ್ಲೇ ತಡೆಯಿತು. ಉಳಿದವರು ಯಾರೂ ಮೊದಲನೆಯವರಲ್ಲ, ಹಾಗಾಗಿ ತಲೆಬರಹ ಹಾಕುವವರೇ ಇಲ್ಲ.

ಪರಿಹಾರ: ಷರತ್ತನ್ನು ಕೀಯ ಮ್ಯಾಚ್‌ನಲ್ಲೂ ಹಾಕಿ. ಯಾರನ್ನು ತೋರಿಸುವುದಿಲ್ಲವೋ ಅವರು ಗೂಡಿಗೂ ಹೋಗಬಾರದು. ಆದರೆ 1.0ರಲ್ಲಿ ಕೀಯ ಮ್ಯಾಚ್ ಅಥವಾ ಯೂಸ್ ಒಳಗೆ ವೇರಿಯಬಲ್ ಬಳಸುವಂತಿಲ್ಲ, ಅದನ್ನು ನೆನಪಿಡಿ.

ಇದರ ಅಣ್ಣತಮ್ಮ ಇನ್ನೊಂದು ತೊಂದರೆ: ಒಂದೇ ಫೈಲಿನಲ್ಲಿ ಸುದ್ದಿ ವಿಭಾಗಗಳು ಎರಡಿದ್ದರೆ ಕೀ ಎರಡನ್ನೂ ಬೆರೆಸುತ್ತದೆ, ಏಕೆಂದರೆ ಕೀ ಇಡೀ ದಾಖಲೆಗೆ ಸೇರಿದ್ದು. ಆಗ ವಿಭಾಗದ ಹೆಸರು, ನಡುವೆ ಒಂದು ಗೆರೆ, ಆಮೇಲೆ ವರ್ಷ, ಇವನ್ನು ಕಾನ್‌ಕ್ಯಾಟ್‌ನಿಂದ ಸೇರಿಸಿ ಕೀ ಮಾಡಿ. ಇದಕ್ಕೆ ತದ್ವಿರುದ್ಧವಾಗಿ, ಡಾಕ್ಯುಮೆಂಟ್ ಫಂಕ್ಷನ್‌ನಿಂದ ಹಲವು ಫೈಲುಗಳನ್ನು ಎಳೆದು ತಂದರೆ ಒಂದೇ ವರ್ಷ ಎರಡೆರಡು ಸಲ ಬರುತ್ತದೆ. ಪ್ರತಿ ಫೈಲಿಗೂ ಅದರದೇ ಗೂಡುಗಳು. ಮೊದಲು ಎಲ್ಲವನ್ನೂ ಒಂದು ಫೈಲಾಗಿ ಸೇರಿಸುವ ಪುಟ್ಟ ಸ್ಟೈಲ್‌ಶೀಟ್ ಬರೆದುಕೊಂಡು, ಅದರ ಫಲಿತಾಂಶದ ಮೇಲೆ ಗುಂಪು ಮಾಡಿ.

## ಹೊಸ ವರ್ಷ ಮೇಲೆ, ಹಳೆಯದು ಕೆಳಗೆ ಬರಲು?

ಸಾರ್ಟ್ ಎರಡು ಕಡೆ ಬೇಕು. ಹೊರ ಲೂಪಿನದ್ದು ವರ್ಷಗಳನ್ನು ಜೋಡಿಸುತ್ತದೆ, ಒಳ ಲೂಪಿನದ್ದು ಆ ವರ್ಷದ ಸುದ್ದಿಗಳನ್ನು. ಎರಡಕ್ಕೂ ಆರ್ಡರ್ ಡಿಸೆಂಡಿಂಗ್.

ಪ್ರಿಸೀಡಿಂಗ್-ಸಿಬ್ಲಿಂಗ್ ಬಳಸುವವರು ಇಲ್ಲಿ ಎಡವುತ್ತಾರೆ. ಸಾರ್ಟ್ ಮಾಡಿದ ಮೇಲೂ "ಹಿಂದಿನವನು" ಎಂದರೆ ಮೂಲ ಫೈಲಿನಲ್ಲಿ ಹಿಂದಿದ್ದವನೇ, ಸಾರ್ಟ್ ಆದ ಸಾಲಿನಲ್ಲಿ ಹಿಂದೆ ನಿಂತವನಲ್ಲ.

## ನಮ್ಮಲ್ಲಿ ದಿನಾಂಕ 15-03-2024 ರೂಪದಲ್ಲಿದೆ. ಬದಲಾಯಿಸಲು ಆಗದು.

ವರ್ಷ 7ನೇ ಅಕ್ಷರದಿಂದ ನಾಲ್ಕು. ಗುಂಪಿಗೆ ಅಷ್ಟು ಸಾಕು. ಆದರೆ ಇಡೀ ದಿನಾಂಕದ ಮೇಲೆ ಸಾರ್ಟ್ ಮಾಡಿದರೆ ಪ್ರತಿ ತಿಂಗಳ 1ನೇ ತಾರೀಕುಗಳೆಲ್ಲ ಒಟ್ಟಿಗೆ ಬಂದು ಕೂರುತ್ತವೆ. ಮೂರು ಸಾರ್ಟ್ ಬರೆಯಿರಿ: ವರ್ಷ, ತಿಂಗಳು, ದಿನ, ಇದೇ ಕ್ರಮದಲ್ಲಿ. ದಿನಕ್ಕೆ ಕೆಲವು ಕಡೆ ಒಂದೇ ಅಂಕಿ ಇದ್ದರೆ ಸ್ಥಾನ ಎಣಿಸುವುದು ಕೈಕೊಡುತ್ತದೆ. ಸಬ್‌ಸ್ಟ್ರಿಂಗ್-ಆಫ್ಟರ್ ಎರಡು ಸಲ ಹಾಕಿ ಎರಡನೇ ಗೆರೆಯ ಆಚೆಯದನ್ನು ತೆಗೆದುಕೊಳ್ಳಿ.

## ಆರ್‌ಎಸ್‌ಎಸ್ ಫೀಡಿನಿಂದ ಬಂದ ಸುದ್ದಿಗಳಾದರೆ?

ತಾಣಗಳು ತಮ್ಮ ಹೊಸ ಸುದ್ದಿಗಳನ್ನು ಎಕ್ಸ್‌ಎಂಎಲ್ ಆಗಿ ಹಂಚುವ ಒಂದು ರೂಪ ಆರ್‌ಎಸ್‌ಎಸ್. ಅದರ 2.0 ಆವೃತ್ತಿಯಲ್ಲಿ ಸುದ್ದಿಯ ದಿನಾಂಕವಿರುವ ಪಬ್‌ಡೇಟ್ ಅಂಚೆಯ ಮುದ್ರೆಯ ಹಾಗೆ: ವಾರದ ಹೆಸರಿನ ಮೂರಕ್ಷರ, ಅಲ್ಪವಿರಾಮ, ದಿನ, ತಿಂಗಳ ಹೆಸರಿನ ಮೂರಕ್ಷರ, ವರ್ಷ, ಸಮಯ. ಅಲ್ಪವಿರಾಮ ಮತ್ತು ಖಾಲಿಯ ನಂತರದ್ದನ್ನು ತೆಗೆದುಕೊಂಡು, ಇನ್ನೆರಡು ಖಾಲಿ ದಾಟಿದರೆ ಮೊದಲ ನಾಲ್ಕು ಅಕ್ಷರ ವರ್ಷ.

ಸಾರ್ಟ್‌ಗೆ ತಿಂಗಳ ಸಂಖ್ಯೆ ಬೇಕಲ್ಲ, ಅದಕ್ಕೊಂದು ಹಳೆಯ ಚಮತ್ಕಾರವಿದೆ. ಇಂಗ್ಲಿಷ್ ತಿಂಗಳುಗಳ ಮೂರಕ್ಷರದ ಹೆಸರುಗಳನ್ನು ಖಾಲಿ ಬಿಡದೆ ಸಾಲಾಗಿ ಬರೆಯಿರಿ. ನಿಮ್ಮ ತಿಂಗಳಿಗೂ ಮುಂಚೆ ಎಷ್ಟು ಅಕ್ಷರವಿದೆ ಎಂದು ಎಣಿಸಿ, 3ರಿಂದ ಭಾಗಿಸಿ, 1 ಕೂಡಿಸಿ. ಮಾರ್ಚಿಗೆ ಮುಂಚೆ 6 ಅಕ್ಷರ, ಭಾಗಿಸಿದರೆ 2, ಕೂಡಿಸಿದರೆ 3. ಆಟಮ್ ಎಂಬ ಇನ್ನೊಂದು ಬಗೆಯ ಫೀಡಾದರೆ ಈ ಕಸರತ್ತೇ ಬೇಡ, ಅಲ್ಲಿ ವರ್ಷವೇ ಮೊದಲು.

## ಜನವರಿ 1ರ ಸುದ್ದಿ ಹಿಂದಿನ ವರ್ಷದಲ್ಲಿ ಬಂದಿದೆ. ಯಾಕೆ?

ಸಮಯ ಯುಟಿಸಿಯಲ್ಲಿದೆ (ಜಾಗತಿಕ ಪ್ರಮಾಣ ಸಮಯ), ಅದಕ್ಕೆ. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ. ಡಿಸೆಂಬರ್ 31ರ ಸಂಜೆ 18:30 ಎಂದು ಫೈಲಿನಲ್ಲಿದ್ದರೆ ಇಲ್ಲಿ ಆಗಲೇ ಹೊಸ ವರ್ಷದ ಪಟಾಕಿ. 2.0ರಲ್ಲಿ ಅಡ್ಜಸ್ಟ್-ಡೇಟ್‌ಟೈಮ್-ಟು-ಟೈಮ್‌ಝೋನ್ ಫಂಕ್ಷನ್‌ಗೆ ಐದೂವರೆ ಗಂಟೆಯ ಅವಧಿ ಕೊಟ್ಟು, ಆಮೇಲೆ ವರ್ಷ ತೆಗೆಯಿರಿ.

1.0ರಲ್ಲಿ ಇಡೀ ಕಾಲವಲಯದ ಲೆಕ್ಕ ಬರೆಯಲು ಹೋಗಬೇಡಿ. ನಮಗೆ ಬೇಕಾದದ್ದು ವರ್ಷ ಮಾತ್ರ, ವರ್ಷ ತಪ್ಪುವುದು ಆ ಒಂದು ರಾತ್ರಿ ಮಾತ್ರ. ತಿಂಗಳಿನಿಂದ ನಿಮಿಷದವರೆಗಿನ ಭಾಗ ಕತ್ತರಿಸಿ, ಗೆರೆ, ಟಿ ಮತ್ತು ಕೋಲನ್ ಅಳಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಅದು 12311830 ಅಥವಾ ಅದಕ್ಕಿಂತ ದೊಡ್ಡದಾದರೆ ವರ್ಷಕ್ಕೆ 1 ಸೇರಿಸಿ.

## ನಮಗೆ ಜನವರಿಯಿಂದಲ್ಲ, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷ ಬೇಕು.

ಸಹಕಾರ ಸಂಘ, ಟ್ರಸ್ಟ್ ನಡೆಸುವವರೆಲ್ಲ ಇದನ್ನೇ ಕೇಳುತ್ತಾರೆ. 1.0ರಲ್ಲಿ ಸೊಗಸಾದ ದಾರಿಯಿದೆ: ವರ್ಷದಿಂದ "ತಿಂಗಳು 4ಕ್ಕಿಂತ ಕಡಿಮೆಯೇ" ಎಂಬ ಪ್ರಶ್ನೆಯನ್ನೇ ಕಳೆಯಿರಿ. ಹೌದು ಎಂದರೆ 1, ಅಲ್ಲ ಎಂದರೆ 0 ಆಗುತ್ತದೆ. 2024ರ ಮಾರ್ಚ್ 15 ಹೀಗೆ 2023ರ ಗೂಡಿಗೆ ಹೋಗುತ್ತದೆ, ತಲೆಬರಹ 2023-24. 2.0ರಲ್ಲಿ ಹೌದು-ಅಲ್ಲವನ್ನು ಹಾಗೇ ಕಳೆಯಲು ಬಿಡುವುದಿಲ್ಲ, ನಂಬರ್ ಫಂಕ್ಷನ್ನಿನೊಳಗೆ ಹಾಕಿ. ಇಲ್ಲವೇ ದಿನಾಂಕದಿಂದ ಮೂರು ತಿಂಗಳ ಅವಧಿ ಕಳೆದು ವರ್ಷ ತೆಗೆಯಿರಿ. ಆಟ್ರಿಬ್ಯೂಟಿನೊಳಗೆ "ಕಡಿಮೆ" ಚಿಹ್ನೆಯನ್ನು ನೇರವಾಗಿ ಬರೆದರೆ ಫೈಲೇ ತೆರೆಯದು. 4 > ತಿಂಗಳು ಎಂದು ತಿರುಗಿಸಿ ಬರೆದರೆ ಆ ಗೋಜಿಲ್ಲ.

## ಯುಗಾದಿಯಿಂದ ಯುಗಾದಿಗೆ, ಸಂವತ್ಸರದ ಹೆಸರಿನಲ್ಲಿ ಗುಂಪು ಮಾಡಬಹುದೇ?

ಮಾಡಬಹುದು, ಪಂಚಾಂಗದ ಲೆಕ್ಕವನ್ನು ಸ್ಟೈಲ್‌ಶೀಟಿಗೆ ಕಲಿಸಲು ಹೋಗದಿದ್ದರೆ. ಯುಗಾದಿಯ ತಾರೀಕು ಪ್ರತಿ ವರ್ಷ ಬದಲಾಗುತ್ತದೆ. ಒಂದು ಪಟ್ಟಿಯನ್ನೇ ಫೈಲಾಗಿ ಇಟ್ಟುಕೊಳ್ಳಿ:

<ಸಂವತ್ಸರ ಆರಂಭ="2023-03-22">ಶೋಭಕೃತ್</ಸಂವತ್ಸರ>
<ಸಂವತ್ಸರ ಆರಂಭ="2024-04-09">ಕ್ರೋಧಿ</ಸಂವತ್ಸರ>
<ಸಂವತ್ಸರ ಆರಂಭ="2025-03-30">ವಿಶ್ವಾವಸು</ಸಂವತ್ಸರ>

ಸುದ್ದಿಯ ದಿನಕ್ಕಿಂತ ಮುಂಚೆ ಅಥವಾ ಅದೇ ದಿನ ಆರಂಭವಾದ ಸಂವತ್ಸರಗಳಲ್ಲಿ ಕೊನೆಯದು ಅದರದ್ದು. 1.0ರಲ್ಲಿ ಹೆಚ್ಚು-ಕಡಿಮೆ ಹೋಲಿಕೆ ಸಂಖ್ಯೆಗಳಿಗೆ ಮಾತ್ರ. ಗೆರೆಯಿರುವ ದಿನಾಂಕ ಅದಕ್ಕೆ ಸಂಖ್ಯೆಯೇ ಅಲ್ಲ, ಹೋಲಿಕೆ ಯಾವಾಗಲೂ ಸುಳ್ಳೆಂದು ಬರುತ್ತದೆ. ಟ್ರಾನ್ಸ್‌ಲೇಟ್‌ನಿಂದ ಗೆರೆ ಅಳಿಸಿ 20240409 ಮಾಡಿ ಹೋಲಿಸಿ. ವರ್ಷದ ಲೆಕ್ಕಕ್ಕಿಂತ ಇದು ನನಗೆ ಇಷ್ಟವಾದ ಕೆಲಸ, ಯಾರೂ ದುಡ್ಡು ಕೊಟ್ಟು ಮಾಡಿಸುವುದಿಲ್ಲವಾದರೂ.

## ತಲೆಬರಹ ಕನ್ನಡ ಅಂಕಿಯಲ್ಲಿ, ತಿಂಗಳು ಕನ್ನಡದಲ್ಲಿ ಬರಬೇಕು.

ಅಂಕಿಗೆ ಟ್ರಾನ್ಸ್‌ಲೇಟ್ ಒಂದೇ ಸಾಲು: 0123456789 ಕೊಟ್ಟು ೦೧೨೩೪೫೬೭೮೯ ಪಡೆಯಿರಿ. 2024 ಹೋಗಿ ೨೦೨೪ ಬರುತ್ತದೆ. ಇದನ್ನು ತೋರಿಸುವಾಗ ಮಾತ್ರ ಮಾಡಿ, ಕೀಯಲ್ಲಿ ಮಾಡಬೇಡಿ. ಕೀಯಲ್ಲಿ ಅಂಕಿ ಬದಲಾದರೆ ಆಮೇಲೆ ಸಂಖ್ಯೆಯಾಗಿ ಲೆಕ್ಕ ಹಾಕಲು ಬರುವುದಿಲ್ಲ.

ತಿಂಗಳಿಗೆ ಫಾರ್ಮ್ಯಾಟ್-ಡೇಟ್ ಫಂಕ್ಷನ್‌ನಲ್ಲಿ ಕನ್ನಡ ಎಂದು ಭಾಷೆ ಸೂಚಿಸಬಹುದು, ಆದರೆ ಎಲ್ಲ ಪ್ರೊಸೆಸರೂ ಕನ್ನಡ ಕಲಿತಿರಬೇಕೆಂಬ ನಿಯಮವಿಲ್ಲ. ಗೊತ್ತಿಲ್ಲದಿದ್ದರೆ ಬೇರೆ ಭಾಷೆಯಲ್ಲಿ ಬರೆದು, ಯಾವ ಭಾಷೆ ಎಂಬ ಚೀಟಿಯನ್ನೂ ಮುಂದೆ ಅಂಟಿಸಬಹುದು. ಅದು ಪುಟದಲ್ಲಿ ವಿಚಿತ್ರವಾಗಿ ಕಾಣುತ್ತದೆ. ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ಹೆಸರನ್ನು ನೀವೇ ಬರೆದಿಟ್ಟು, ತಿಂಗಳ ಸಂಖ್ಯೆಯಿಂದ ಆರಿಸಿಕೊಳ್ಳಿ.

## ಪುಟದ ಮೇಲೆ ವರ್ಷಗಳ ಕೊಂಡಿ, ಪಕ್ಕದಲ್ಲಿ ಎಷ್ಟು ಸುದ್ದಿ ಎಂಬ ಸಂಖ್ಯೆ?

ಅದೇ ಗುಂಪು ಮಾಡುವ ಲೂಪನ್ನು ಎರಡು ಸಲ ಓಡಿಸಿ, ಮೊದಲು ಕೊಂಡಿಗೆ, ಆಮೇಲೆ ಪಟ್ಟಿಗೆ. ಸಂಖ್ಯೆಗೆ ಕೌಂಟ್. ಕೊಂಡಿಯ ಐಡಿಯನ್ನು ಬರೀ ಅಂಕಿಯಿಂದ ಶುರುಮಾಡಬೇಡಿ, ಮುಂದೆ ಒಂದು ಅಕ್ಷರ ಸೇರಿಸಿ. ಸಿಎಸ್‌ಎಸ್‌ನಲ್ಲಿ ಅಂಕಿಯಿಂದ ಶುರುವಾಗುವ ಐಡಿ ಹಿಡಿಯುವುದು ತಲೆನೋವು. ಒಂದೂ ಸುದ್ದಿಯಿಲ್ಲದ ವರ್ಷ ತಾನಾಗಿ ಬರುವುದಿಲ್ಲ. ಅದೂ ಬೇಕೆಂದರೆ 2.0ರಲ್ಲಿ ಕನಿಷ್ಠ ವರ್ಷದಿಂದ ಗರಿಷ್ಠ ವರ್ಷದವರೆಗೆ ಎಣಿಸುತ್ತಾ ಹೋಗಿ. ನನ್ನ ಕೇಳಿದರೆ, ಖಾಲಿ ವರ್ಷಕ್ಕೆ ತಲೆಬರಹ ಹಾಕಿ ಊರಿಗೆಲ್ಲ ಹೇಳುವ ಅಗತ್ಯವಿಲ್ಲ.

## ದಿನಾಂಕವೇ ಇಲ್ಲದ ಸುದ್ದಿಗಳನ್ನು ಏನು ಮಾಡುವುದು?

ಅವೂ ಒಂದು ಗುಂಪೇ. ಅವುಗಳ ಕೀ ಖಾಲಿ ಪಠ್ಯ, ಹಾಗಾಗಿ ಹೆಸರಿಲ್ಲದ ತಲೆಬರಹದಡಿ ಬಂದು ಕೂರುತ್ತವೆ. ಕೀ ಖಾಲಿ ಇದ್ದಾಗ "ದಿನಾಂಕವಿಲ್ಲದವು" ಎಂದು ಬರೆಯಿಸಿ. ದಿನಾಂಕದ ಮುಂದೆ ಯಾರೋ ಒಂದು ಖಾಲಿ ಒತ್ತಿದ್ದರೂ ಬೇರೆ ಗುಂಪು ಹುಟ್ಟುತ್ತದೆ; ನಾರ್ಮಲೈಜ್-ಸ್ಪೇಸ್ ಹಾಕಿಯೇ ಕತ್ತರಿಸಿ. ಆದರೆ 2.0ರಲ್ಲಿ ಇಯರ್-ಫ್ರಮ್-ಡೇಟ್ ದಾರಿ ಹಿಡಿದು ಕೀ ಖಾಲಿ ಪಠ್ಯವೂ ಅಲ್ಲದೆ, ಒಂದೂ ಬೆಲೆಯಿಲ್ಲದ ಸಾಲಾಗಿ ಹೋದರೆ ಆ ಸುದ್ದಿ ಯಾವ ಗುಂಪಿಗೂ ಸೇರದೆ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಒಟ್ಟು ಸುದ್ದಿ ಎಷ್ಟು, ಪುಟಕ್ಕೆ ಬಂದದ್ದೆಷ್ಟು ಎಂದು ಒಮ್ಮೆ ತಾಳೆ ನೋಡಿ.

## ಇದೆಲ್ಲವನ್ನೂ ಓದುಗರ ಬ್ರೌಸರಿನಲ್ಲೇ ಮಾಡಿಸಬಹುದೇ?

ಇಷ್ಟು ವರ್ಷ ಮಾಡಬಹುದಿತ್ತು, 1.0 ಮಿತಿಯೊಳಗೆ. ಈಗ ಹೊಸದಾಗಿ ಶುರುಮಾಡಬೇಡಿ. ಬ್ರೌಸರಿನೊಳಗಿನ ಎಕ್ಸ್‌ಎಸ್‌ಎಲ್‌ಟಿಯನ್ನು ತೆಗೆದುಹಾಕುವ ಯೋಜನೆಯನ್ನು ಕ್ರೋಮ್ ತಂಡ 2025ರಲ್ಲಿ ಪ್ರಕಟಿಸಿದೆ. ಸರ್ವರಿನಲ್ಲಿ, ಇನ್ನೂ ಒಳ್ಳೆಯದೆಂದರೆ ನಿಮ್ಮ ಕಂಪ್ಯೂಟರಿನಲ್ಲೇ ಒಮ್ಮೆ ಓಡಿಸಿ, ಬಂದ ಎಚ್‌ಟಿಎಂಎಲ್ ಅನ್ನು ಏರಿಸಿಬಿಡಿ. ಸುದ್ದಿ ವಾರಕ್ಕೊಂದು ಬರುವ ತಾಣಕ್ಕೆ ಪ್ರತಿ ಓದುಗನ ಮುಂದೆಯೂ ಹೊಸದಾಗಿ ಗುಂಪು ಮಾಡಿಸುವುದರಲ್ಲಿ ಏನರ್ಥ? ಸುದ್ದಿ ಬಹಳ ಇದ್ದರೆ 2.0ರ ರಿಸಲ್ಟ್-ಡಾಕ್ಯುಮೆಂಟ್ ಆಜ್ಞೆಯಿಂದ ವರ್ಷಕ್ಕೊಂದು ಫೈಲನ್ನೇ ಬರೆಸಬಹುದು.

## ಪುಟದ ಮೂಲದಲ್ಲಿ ಕನ್ನಡದ ಬದಲು ಬರೀ ಸಂಖ್ಯೆಗಳಿವೆ!

ಔಟ್‌ಪುಟ್ ಆಜ್ಞೆಯಲ್ಲಿ ಎನ್‌ಕೋಡಿಂಗ್ ಆಸ್ಕಿ ಎಂದೋ ಲ್ಯಾಟಿನ್ ಎಂದೋ ಇದೆ. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲದ್ದರಿಂದ ಪ್ರೊಸೆಸರ್ ಪ್ರತಿ ಅಕ್ಷರವನ್ನೂ ಅದರ ಸಂಕೇತ ಸಂಖ್ಯೆಯಾಗಿ ಬರೆದಿದೆ. ಓದುಗರಿಗೆ ಸರಿಯಾಗಿಯೇ ಕಾಣುತ್ತದೆ, ಫೈಲು ಮಾತ್ರ ಊದಿಕೊಂಡಿರುತ್ತದೆ. ಯುಟಿಎಫ್-8 ಎಂದು ಬದಲಾಯಿಸಿ, ಸ್ಟೈಲ್‌ಶೀಟನ್ನೂ ಅದರಲ್ಲೇ ಉಳಿಸಿ, ಇನ್ನೊಮ್ಮೆ ಓಡಿಸಿ.